ಕ್ಯಾಂಡಿನೂ ಹೌದು, ಆಟಿಕೇನೂ ಹೌದು: ಇವುಗಳಲ್ಲಿ ಯಾವುದನ್ನ ಕೊಡ್ಬಹುದು, ಯಾವುದು ಬೇಡ?

ಚಿಣ್ಣರ ಚಿಕ್ಕಪ್ಪ
ಎಲ್ರಿಗೂ ನಮಸ್ಕಾರ. ಅಣ್ಣನ ಮಗಳ ಬರ್ತ್‌ಡೇ ಬರ್ತಿದೆ, ಪಾರ್ಟಿಗೆ ಬರೋ ಮಕ್ಳಿಗೆ ಕೊಡೋ ಚೀಲ ತುಂಬ್ಸೋ ಕೆಲಸ ನನ್ನ ತಲೆಗೆ ಬಿದ್ದಿದೆ. ಬರೀ ಚಾಕ್ಲೇಟ್ ಕೊಟ್ರೆ ಐದು ನಿಮಿಷಕ್ಕೆ ಖಾಲಿ, ಬರೀ ಆಟಿಕೆ ಕೊಟ್ರೆ "ತಿನ್ನೋಕೆ ಏನಿಲ್ವಾ" ಅಂತ ಮುಖ ಊದಿಸ್ಕೋತಾವೆ, ಅದಕ್ಕೇ ಎರಡೂ ಆಗೋ ಥರದ್ದು ಹುಡುಕ್ತಾ ಇದೀನಿ. ಬಟನ್ ಒತ್ತಿದ್ರೆ ಗಿರ್ರ್ ಅಂತ ತಿರುಗೋ ಲಾಲಿಪಾಪು, ಬೆರಳಿಗೆ ಹಾಕ್ಕೊಳೋ ಉಂಗುರದ್ದು, ಊದಿದ್ರೆ ಪೀಪಿ ಥರ ಕೂಗೋದು, ತಲೆ ಹಿಂದಕ್ಕೆ ಬಗ್ಗಿಸಿದ್ರೆ ಕತ್ತಿಂದ ಮಾತ್ರೆ ಹೊರಗೆ ಹಾಕೋ ಪೆಜ್ ಡಬ್ಬಿ, ನಾಲಿಗೆ ಮೇಲೆ ಉರುಳಿಸ್ಕೊಂಡು ನೆಕ್ಕೋ ಹುಳಿ ನೀರಿನ ಬಾಟ್ಲಿ, ಮೊಟ್ಟೆಯೊಳಗೆ ಗೊಂಬೆ... ಇಷ್ಟೊಂದು ಇದಾವೆ ಅಂತ ಗೊತ್ತೇ ಇರ್ಲಿಲ್ಲ. ಬರೋ ಮಕ್ಳು ಎರಡೂವರೆ ವರ್ಷದಿಂದ ಹತ್ತು ವರ್ಷದವರೆಗೆ ಎಲ್ಲಾ ಸೈಜಲ್ಲೂ ಇದಾರೆ. ಯಾವುದು ನಿಜವಾಗ್ಲೂ ಆಡೋಕೆ ಚೆನ್ನಾಗಿರತ್ತೆ, ಯಾವುದು ಡೇಂಜರು, ಗೊತ್ತಿರೋರು ಸ್ವಲ್ಪ ಹೇಳಿ.

ಇಬ್ಬರಮ್ಮ
ತಿರುಗೋದನ್ನ ಉದ್ದ ಕೂದಲಿರೋ ಮಕ್ಳ ಹತ್ರ ಬಿಡ್ಬೇಡಿ ಅಣ್ಣಾ. ನಮ್ ದೊಡ್ಡೋಳು ನೆಕ್ತಾ ನೆಕ್ತಾ ತಂಗಿ ಕಡೆ ತಿರುಗಿದ್ಲು, ಹೆಬ್ಬೆರಳು ಬಟನ್ ಮೇಲೇ ಇತ್ತು, ಅಂಟಂಟು ಕ್ಯಾಂಡಿಗೆ ಚಿಕ್ಕೋಳ ಕೂದಲು ಸಿಕ್ಕಿ ಬುಡದವರೆಗೂ ಸುತ್ಕೊಂಡ್‌ಬಿಡ್ತು. ಮೋಟ್ರಿಗೆ ಅಷ್ಟು ಶಕ್ತಿ ಇಲ್ಲ, ಕೂದಲು ಬಿಗಿಯಾದ ತಕ್ಷಣ ನಿಂತೋಯ್ತು, ಅದೊಂದು ಪುಣ್ಯ. ಕತ್ತರಿ ಹಾಕೋದು ಬೇಡ ಅಂತ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಅದ್ದಿ ಕ್ಯಾಂಡಿ ಕರಗಿಸಿ ಬಿಡಿಸೋ ಹೊತ್ತಿಗೆ ಇಬ್ರೂ ಅಳ್ತಾ ಇದ್ರು, ದೊಡ್ಡೋಳು ಅಳ್ತಿದ್ದಿದ್ದು ಕ್ಯಾಂಡಿ ಹೋಯ್ತಲ್ಲಾ ಅಂತ 😄

ಸ್ಪ್ರಿಂಗ್ ಸೀನ
ಆಟಿಕೆ ಕೈಗೆ ಸಿಕ್ರೆ ಸ್ಕ್ರೂಡ್ರೈವರ್ ಹುಡುಕೋ ಜಾತಿ ನಂದು. ತಿರುಗೋ ಲಾಲಿಪಾಪ್ ಒಳಗಡೆ ದೊಡ್ಡದೇನಿಲ್ಲ ಗುರು, ಒಂದು ಚಿಕ್ಕ ಡಿಸಿ ಮೋಟ್ರು, ಮೋಟ್ರಿನ ವೇಗ ಇಳಿಸೋಕೆ ಎರಡ್ಮೂರು ಪ್ಲಾಸ್ಟಿಕ್ ಹಲ್ಲಿನ ಚಕ್ರ, ಕ್ಯಾಂಡಿ ಕಡ್ಡಿ ಕಚ್ಚಿಕೊಳೋಕೆ ಒಂದು ಬಟ್ಲು, ಬ್ಯಾಟ್ರಿ, ಬಟನ್ನು. ಆದ್ರೆ ಇದರ ಹಿಂದಿನ ಕಥೆ ಮಜವಾಗಿದೆ. ಅಮೆರಿಕದ ವರ್ಜೀನಿಯಾದಲ್ಲಿ ಇಬ್ಬರು ಪೋಸ್ಟ್‌ಮ್ಯಾನ್‌ಗಳಿದ್ರು, ಅವ್ರು ಮೊದಲು ಹೊಳೆಯೋ ಕಡ್ಡಿಗೆ ಲಾಲಿಪಾಪ್ ಸಿಕ್ಕಿಸಿ ಕತ್ತಲಲ್ಲಿ ಬೆಳಗೋ ಥರ ಮಾಡಿದ್ರು, ಆಮೇಲೆ ಈ ತಿರುಗೋದು. ಜಾನ್ ಓಷರ್ ಅನ್ನೋ ಆಟಿಕೆ ಉದ್ಯಮಿಯ ಕಂಪನಿ ಅದನ್ನ ಸ್ಪಿನ್ ಪಾಪ್ ಅಂತ ಮಾರ್ಕೆಟ್ಟಿಗೆ ತಂತು, ಸಿಕ್ಕಾಪಟ್ಟೆ ಹೋಯ್ತು. ಆಮೇಲೆ ಓಷರ್ ಮತ್ತೆ ಅವರ ಜೊತೆಯವರು ಯೋಚನೆ ಮಾಡಿದ್ರು, ಇಷ್ಟು ಕಮ್ಮಿ ಖರ್ಚಲ್ಲಿ ಮೋಟ್ರು ಗೇರು ಬ್ಯಾಟ್ರಿ ಎಲ್ಲಾ ಒಂದು ಹಿಡಿಕೆ ಒಳಗೆ ಕೂರತ್ತೆ ಅಂದ್ರೆ ಲಾಲಿಪಾಪ್ ಜಾಗದಲ್ಲಿ ಬ್ರಷ್ ಹಾಕಿದ್ರೆ? ಆಗಿನ ಎಲೆಕ್ಟ್ರಿಕ್ ಬ್ರಷ್ಷುಗಳೆಲ್ಲ ಭಾರಿ ದುಬಾರಿ. ಹಂಗೆ ಹುಟ್ಟಿದ ಸ್ಪಿನ್‌ಬ್ರಷ್ಷನ್ನ 2001ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ತಗೊಂತು, ಡೀಲು ಒಟ್ಟು 475 ಮಿಲಿಯನ್ ಡಾಲರ್ ತನಕ ಹೋಯ್ತು. ಹಲ್ಲು ಹಾಳುಮಾಡೋ ಯಂತ್ರಾನೇ ಹಲ್ಲುಜ್ಜೋ ಯಂತ್ರ ಆಯ್ತು ನೋಡಿ.

ಹಲ್ಲು ಡಾಕ್ಟ್ರು
@ಸ್ಪ್ರಿಂಗ್ ಸೀನ ಈ ಕಥೆ ನಮ್ ಕಾಲೇಜಲ್ಲಿ ಯಾರೂ ಹೇಳ್ಲೇ ಇಲ್ವಲ್ರೀ 😂 ಕ್ಲಿನಿಕ್ ಮುಗಿಸ್ಕೊಂಡು ರಾತ್ರಿ ಬರೀತೀನಿ, ಹೇಳೋದು ಸುಮಾರಿದೆ.

ಪಾಕದ ಪದ್ದಣ್ಣ
ಕ್ಯಾಂಡಿ ಫ್ಯಾಕ್ಟ್ರಿ ಪ್ರೊಡಕ್ಷನ್ ಸೆಕ್ಷನ್ನಲ್ಲಿ ತುಂಬಾ ವರ್ಷ ಇದ್ದೋನು ನಾನು, ಹಂಗಾಗಿ ಆ ಕಡೆಯಿಂದ ಹೇಳ್ತೀನಿ. ಇಂಥ ಮಾಲು ಕೈಗೆ ತಗೊಂಡ್ರೆ ನಾನು ಮೊದಲು ನೋಡೋದು ಪ್ಲಾಸ್ಟಿಕ್ಕೂ ಸಕ್ಕರೇನೂ ಎಲ್ಲಿ ಕೂಡತ್ತೆ, ಹೆಂಗೆ ಕೂಡತ್ತೆ ಅಂತ. ಬಣ್ಣ, ರುಚಿ, ಲೈಟು ಎಲ್ಲಾ ಆಮೇಲೆ. ಆ ಕೂಡೋ ಜಾಗ ಸರಿ ಇದ್ರೆ ಆಟಾನೂ ಚೆನ್ನಾಗಿರತ್ತೆ, ಮಗುಗೂ ಸೇಫು, ಅದು ಸರಿ ಇಲ್ಲ ಅಂದ್ರೆ ಮಿಕ್ಕಿದ್ದೆಲ್ಲಾ ಎಷ್ಟು ಚೆಂದ ಇದ್ರೂ ದಂಡ.

ಯಾಕೆ ಅಂದ್ರೆ, ಗಟ್ಟಿ ಕ್ಯಾಂಡಿ ಅಂದ್ರೆ ಸಕ್ಕರೆ ಮತ್ತೆ ಗ್ಲುಕೋಸ್ ಸಿರಪ್ ಸೇರ್ಸಿ ಹತ್ತತ್ರ 150 ಡಿಗ್ರಿ ಸೆಲ್ಸಿಯಸ್‌ಗೆ ಕುದಿಸಿ ನೀರಿನಂಶ ಶೇಕಡಾ 2-3ಕ್ಕೆ ಇಳಿಸಿರೋದು. ತಣ್ಣಗಾದಾಗ ಅದು ಹರಳು ಕಟ್ಟಲ್ಲ, ಗಾಜಿನ ಥರ ನಿಲ್ಲತ್ತೆ, ಹರಳು ಕಟ್ಟದೇ ಇರ್ಲಿ ಅಂತಾನೇ ಗ್ಲುಕೋಸ್ ಸಿರಪ್ ಹಾಕೋದು. ಬಿಸಿ ಇದ್ದಾಗ ಯಾವ ಅಚ್ಚಿಗೆ ಬೇಕಾದ್ರೂ ಹುಯ್ಯಬಹುದು, ವಜ್ರದ ಹರಳಿನ ಆಕಾರಕ್ಕೂ ಬರತ್ತೆ. ಆದ್ರೆ ಗಾಳೀಲಿರೋ ತೇವ ಎಳ್ಕೊಳೋಕೆ ಶುರು ಮಾಡಿದ್ರೆ ಮುಗೀತು, ಮೈಯೆಲ್ಲ ಅಂಟು. ಅಂಥದ್ದನ್ನ ಸ್ಪ್ರಿಂಗ್ ಮೇಲೆ ಒಂದರ ಮೇಲೊಂದು ಜೋಡಿಸಿಟ್ರೆ ಒಂದಕ್ಕೊಂದು ಕಚ್ಕೊಂಡು ಒಂದೇ ದಿಂಡಾಗತ್ತೆ. ಪೆಜ್ ಡಬ್ಬಿಯೊಳಗೆ ಕುದಿಸಿದ ಕ್ಯಾಂಡಿ ಇಲ್ಲದೆ ಪುಡಿ ಒತ್ತಿ ಮಾಡಿದ ಮಾತ್ರೆ ಇರೋದು ಇದಕ್ಕೇ. ಒತ್ತಿದ ಮಾತ್ರೆ ಅಂಟಲ್ಲ, ಎಲ್ಲಾ ಒಂದೇ ಅಳತೆ, ಅಂಚು ಚೂಪು, ಮೇಲೆ ನುಣುಪು. ಡಬ್ಬೀಲಿ 12 ಹಿಡಿಯತ್ತೆ, ಕೆಳಗಿಂದ ಸ್ಪ್ರಿಂಗ್ ತಳ್ತಾ ಇರತ್ತೆ, ತಲೆ ಬಗ್ಗಿಸಿದಾಗ ಒಳಗಿನ ಒಂದು ಚಿಕ್ಕ ನಾಲಿಗೆ ಮೇಲಿನ ಮಾತ್ರೆ ಒಂದನ್ನೇ ಮುಂದಕ್ಕೆ ದಬ್ಬತ್ತೆ. ಆಟಿಕೆ ಎಂಥದ್ದು ಅನ್ನೋದರ ಮೇಲೆ ಸಕ್ಕರೆ ಎಂಥದ್ದು ಅಂತ ತೀರ್ಮಾನ ಆಗತ್ತೆ. ಜನ ಉಲ್ಟಾ ಅಂದ್ಕೊಂಡಿದಾರೆ.

ಇನ್ನೊಂದು, ಕೋಲಿಗೆ ಕ್ಯಾಂಡಿ ಹಿಡ್ಕೊಳೋದು ಅಂಟಿಂದ ಅಲ್ಲ. ಕೋಲಿನ ತುದೀಲಿ ತೂತು ಇಲ್ಲಾ ಕಚ್ಚು ಇರತ್ತೆ, ಬಿಸಿ ಪಾಕ ಅದರೊಳಗೆ ಹೋಗಿ ಗಟ್ಟಿಯಾಗಿ ಬೀಗ ಹಾಕಿದಂಗೆ ಕೂರತ್ತೆ. ಒಳ್ಳೇ ಮಾಲಲ್ಲಿ ಕ್ಯಾಂಡಿ ಕೊನೇ ಚೂರು ಕರಗೋ ತನಕ ಕೋಲು ಬಿಡಲ್ಲ. ಕೆಟ್ಟ ಮಾಲಲ್ಲಿ ಅರ್ಧ ನೆಕ್ಕೋ ಹೊತ್ತಿಗೆ ಉಂಡೆ ಅಲ್ಲಾಡೋಕೆ ಶುರು. ಅಲ್ಲಾಡ್ತಿದೆ ಅಂದ್ರೆ ತಕ್ಷಣ ಕಿತ್ಕೊಂಡು ಬಿಸಾಕಿ, ಮಗು ಎಷ್ಟೇ ಹಠ ಮಾಡ್ಲಿ.

ಪುಂಗಿ ಪುಟ್ಟಿ
ಪೀಪಿ ಲಾಲಿಪಾಪ್‌ಗೆ ನನ್ನ ವೋಟು!! ಅದರಲ್ಲಿ ಮಾತ್ರ ಕ್ಯಾಂಡಿನೇ ಆಟಿಕೆ. ಮಿಕ್ಕಿದ್ದೆಲ್ಲಾ ಆಟಿಕೆ ಮೇಲೆ ಕ್ಯಾಂಡಿ ಕೂರ್ಸಿರೋದು ಅಷ್ಟೇ. ಚೂಪಾ ಚುಪ್ಸ್‌ನ ಮೆಲೋಡಿ ಪಾಪ್ ನೋಡಿ, ಕಡ್ಡಿ ಒಳಗೆ ಹೊರಗೆ ಎಳೆದ್ರೆ ಸ್ವರ ಏರತ್ತೆ ಇಳಿಯತ್ತೆ, ಒಳಗೆ ತಳ್ಳಿದ್ರೆ ಗಾಳಿಯ ಕೊಳವೆ ಗಿಡ್ಡ ಆಗಿ ಸ್ವರ ಮೇಲಕ್ಕೆ, ಹೊರಗೆ ಎಳೆದ್ರೆ ಉದ್ದ ಆಗಿ ಕೆಳಕ್ಕೆ. ಮಕ್ಳಿಗೆ ಸೈನ್ಸು ಹೇಳ್ಕೊಡೋಕೆ ಇದಕ್ಕಿಂತ ರುಚಿಯಾದ ಸಾಮಾನು ಬೇರೆ ಸಿಗಲ್ಲ.

ಸೂಕ್ಷ್ಮ ಎಲ್ಲಿದೆ ಅಂದ್ರೆ ಸದ್ದು ಹುಟ್ಟೋದು ಕಿಟಕಿ ಥರ ಇರೋ ತೂತಿನ ಅಂಚಲ್ಲಿ, ಬಾಯಿಂದ ಬಂದ ಗಾಳಿ ಆ ಅಂಚಿಗೆ ಬಡಿದು ಒಂದ್ಸಲ ಒಳಗೆ ಒಂದ್ಸಲ ಹೊರಗೆ ಸೀಳಬೇಕು. ಅಂಚು ಚೂಪಾಗಿದ್ರೆ ಸದ್ದು ಖಡಕ್ಕು. ಮಗು ನೆಕ್ಕಿದ ಹಾಗೆಲ್ಲಾ ಅಂಚು ಮೊಂಡಾಗ್ತಾ ಬರತ್ತೆ, ಎಂಜಲು ಕಿಟಕೀಲಿ ಪೊರೆ ಕಟ್ಟತ್ತೆ, ಮೊದಲು ಕೀಂಯ್ ಅಂತಿದ್ದಿದ್ದು ಆಮೇಲೆ ಫೂ ಫೂ ಅಂತ ಬರೀ ಗಾಳಿ. ಜಾಸ್ತಿ ಹೊತ್ತು ಊದ್ಬೇಕು ಅಂದ್ರೆ ನೆಕ್ಕೋದು ಕಮ್ಮಿ ಮಾಡ್ಬೇಕು, ನನ್ನ ತಮ್ಮನ ಮಗ ಇದನ್ನ ತಾನೇ ಕಂಡುಹಿಡಿದು ಕಿಟಕಿ ಇರೋ ಕಡೆ ಬಿಟ್ಟು ಬೆನ್ನು ಕಡೆ ಮಾತ್ರ ನೆಕ್ತಿದ್ದ ಕಳ್ಳ.

ಜಪಾನಲ್ಲಿ ಫುಯೆ ರಾಮುನೆ ಅಂತ 1973ರಿಂದ ಬರ್ತಿದೆ, ನಡುವೆ ತೂತಿರೋ ದುಂಡು ಮಾತ್ರೆ, ತುಟಿ ನಡುವೆ ಇಟ್ಟು ಊದಿದ್ರೆ ಸಿಳ್ಳೆ, ಕಡ್ಡಿ ಇಲ್ಲ ಹಿಡಿಕೆ ಇಲ್ಲ. ಆದ್ರೆ ತುಂಬಾ ಚಿಕ್ಕ ಮಕ್ಳಿಗೆ ಅದು ಬೇಡ, ಒಳಗೆ ಎಳ್ಕೊಂಡ್‌ಬಿಟ್ರೆ ಕಷ್ಟ.

ಬಸು ಬರದಾನ್ರಿ
ಏನ್ರೀ ಇಷ್ಟ ತಲಿ ಕೆಡಿಸ್ಕೊಳ್ಳಾಕತ್ತೀರಿ, ಒಂದು ಮಿಠಾಯಿ ಕೊಡಾಕ ಇಂಜಿನಿಯರಿಂಗ್ ಓದಬೇಕಾತಲ್ಲ. ನಾವು ಸಣ್ಣಾವ್ರಿದ್ದಾಗ ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕ್ಕೊಂಡು ಬೆಳದೀವಿ, ಏನೂ ಆಗಿಲ್ಲ. ಹುಡುಗೂರಿಗೆ ಏನು ಕೊಟ್ರೂ ಖುಷಿ, ತಗೊಂಡು ಹೋಗಿ ಕೊಡ್ರಿ ಅಷ್ಟ.

ಇಬ್ಬರಮ್ಮ
@ಬಸು ಬರದಾನ್ರಿ ಆಗದೇ ಇರೋರು ಬಂದು ಇಲ್ಲಿ ಬರೀತಾರೆ ಸಾರ್, ಆದೋರು ಬರೆಯೋಕೆ ಬರಲ್ಲ.

ನಿಯಮ ನಾಗು
ಬಸಣ್ಣ ಕೇಳಿದ್ದಕ್ಕೆ ಸ್ವಲ್ಪ ಉದ್ದ ಉತ್ತರ, ಬೇಜಾರ್ ಮಾಡ್ಕೋಬೇಡಿ, ನನ್ ಕೆಲಸಾನೇ ಪ್ರಾಡಕ್ಟ್ ಸೇಫ್ಟಿ ಕಾಗದ ಓದೋದು.

ಪದ್ದಣ್ಣ ಹೇಳಿದ್ರಲ್ಲ ಕೂಡೋ ಜಾಗ ನೋಡ್ಬೇಕು ಅಂತ, ಪ್ರಪಂಚದ ಕಾನೂನೆಲ್ಲಾ ಸುತ್ತೋದು ಅದರ ಸುತ್ತಾನೇ. ಅಮೆರಿಕದಲ್ಲಿ 1938ರ ಆಹಾರ ಔಷಧಿ ಕಾಯಿದೆ ಇದೆ, ಅದರ ಪ್ರಕಾರ ಮಿಠಾಯಿ ಒಳಗೆ ತಿನ್ನಕ್ಕಾಗದ ವಸ್ತು ಪೂರ್ತಿ ಆಗ್ಲಿ ಅರ್ಧ ಆಗ್ಲಿ ಹುದುಗಿರಬಾರದು, ಆ ವಸ್ತುವಿಂದ ಮಿಠಾಯಿಗೆ ಏನಾದ್ರೂ ಉಪಯೋಗ ಇದ್ರೆ ಮಾತ್ರ ಬಿಡ್ತಾರೆ. ಲಾಲಿಪಾಪ್ ಕಡ್ಡಿ ಅದಕ್ಕೇ ಪಾಸು, ಹಿಡ್ಕೊಳೋಕೆ ಬೇಕಲ್ಲ. ಆದ್ರೆ ಕಿಂಡರ್ ಸರ್‌ಪ್ರೈಸ್ ಫೇಲು! ಇಟಲಿಯ ಫೆರೆರೋ 1974ರಲ್ಲಿ ತಂದ ಆ ಚಾಕ್ಲೇಟ್ ಮೊಟ್ಟೇಲಿ ಹಳದಿ ಡಬ್ಬಿ, ಡಬ್ಬಿಯೊಳಗೆ ಗೊಂಬೆ, ಸುತ್ತ ಚಾಕ್ಲೇಟು, ಅಂದ್ರೆ ಗೊಂಬೆ ಚಾಕ್ಲೇಟಿನ ಹೊಟ್ಟೆಯೊಳಗೆ. ಬೇರೆ ದೇಶದಿಂದ ಬರ್ತಾ ಬ್ಯಾಗಲ್ಲಿ ತಂದವರ ಹತ್ರ ಅಮೆರಿಕದ ಕಸ್ಟಮ್ಸ್‌ನೋರು ಕಿತ್ಕೊಂಡಿದ್ದೂ ಇದೆ. ಕಿಂಡರ್ ಜಾಯ್ ಮಾತ್ರ ಎರಡು ಹೋಳು, ಒಂದರಲ್ಲಿ ತಿನ್ನೋದು ಒಂದರಲ್ಲಿ ಆಟಿಕೆ, ನಡುವೆ ಸೀಲು, ಹಂಗಾಗಿ 2017-18ರ ಹೊತ್ತಿಗೆ ಅದು ಅಲ್ಲಿ ಅಂಗಡಿಗೆ ಬಂತು. ಅದೇ ಕಂಪನಿ, ಅದೇ ಮೊಟ್ಟೆ ಆಕಾರ, ಆಟಿಕೆ ಇಟ್ಟ ಜಾಗ ಬೇರೆ ಅಷ್ಟೇ.

1997ರಲ್ಲಿ ನೆಸ್ಲೆ ಅಮೆರಿಕದಲ್ಲಿ ಮ್ಯಾಜಿಕ್ ಅಂತ ಒಂದು ಚಾಕ್ಲೇಟ್ ಉಂಡೆ ತಂತು, ಒಳಗೆ ಪ್ಲಾಸ್ಟಿಕ್ ಗೋಳ, ಗೋಳದೊಳಗೆ ಗೊಂಬೆ. ಗಲಾಟೆ ಆಗಿ ಅದೇ ವರ್ಷ ವಾಪಸ್ ತಗೊಂಡ್ರು. ಆಮೇಲೆ ಗೊಂಬೆ ತೆಗೆದು ಒಳಗೆ ಚಿಕ್ಕ ಕ್ಯಾಂಡಿ ತುಂಬಿಸಿ ಬೇರೆ ಹೆಸರಲ್ಲಿ ತಂದ್ರು.

ಯುರೋಪು ಬೇರೆ ದಾರಿ ಹಿಡೀತು, ನನಗೆ ಅದೇ ಜಾಸ್ತಿ ಬುದ್ಧಿವಂತಿಕೆ ಅನ್ಸತ್ತೆ. ಅವರ 2009ರ ಟಾಯ್ ಸೇಫ್ಟಿ ಡೈರೆಕ್ಟಿವ್, ಅಂದ್ರೆ ಆಟಿಕೆ ಸುರಕ್ಷತೆ ಕಾನೂನಿನ ಪ್ರಕಾರ ತಿಂಡಿ ಜೊತೆ ಆಟಿಕೆ ಇದ್ರೆ ಆಟಿಕೆಗೆ ತನ್ನದೇ ಪ್ಯಾಕಿಂಗ್ ಇರ್ಬೇಕು, ಆ ಪ್ಯಾಕಿಂಗೂ ಗಂಟಲಿಗೆ ಸಿಕ್ಕಿಹಾಕ್ಕೊಳೋ ಸೈಜ್ ಇರಬಾರದು. ಇನ್ನೊಂದು ರೂಲು ಏನಪ್ಪಾ ಅಂದ್ರೆ, ತಿಂಡಿ ತಿಂದು ಮುಗಿಸಿದ್ರೆ ಮಾತ್ರ ಆಟಿಕೆ ಕೈಗೆ ಸಿಗೋ ಹಾಗೆ ಅಂಟಿಸಿಡೋದು ನಿಷೇಧ. ಯಾಕೆ ಅಂದ್ರೆ ಆಟಿಕೆ ಬೇಗ ಬೇಕು ಅಂತ ಮಗು ಗಬಗಬ ತಿನ್ನತ್ತೆ, ಕಚ್ಚಿ ಎಳೆಯತ್ತೆ, ಆ ಎಳೆದಾಟದಲ್ಲಿ ತುಂಡು ಗಂಟಲಿಗೆ ಹೋಗತ್ತೆ.

ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ ಕೊಬ್ಬು ಜಾಸ್ತಿ ಇರೋ ತಿಂಡಿ ಜೊತೆ ಆಟಿಕೆ ಕೊಡೋ ಹಾಗೇ ಇಲ್ಲ. ಕಾರಣ ಉಸಿರು ಕಟ್ಟೋದಲ್ಲ, ಬೊಜ್ಜು. ಆಟಿಕೆ ಆಸೆ ತೋರ್ಸಿ ಮಕ್ಳಿಗೆ ಸಕ್ಕರೆ ಮಾರಬೇಡಿ ಅಂತ.

ಚಿಣ್ಣರ ಚಿಕ್ಕಪ್ಪ
@ನಿಯಮ ನಾಗು ಬಾಪ್ರೇ, ಇಷ್ಟಿದ್ಯಾ ಸಾರ್! ನನ್ನ ಲಿಸ್ಟಲ್ಲಿರೋ ಆ ಹುಳಿ ನೀರಿನ ಉರುಳೋ ಬಾಟ್ಲಿ ಬಗ್ಗೆ ಏನಂತೀರಿ? ಮಕ್ಳು ವಿಡಿಯೋ ನೋಡಿ ಅದನ್ನೇ ಕೇಳ್ತಿದಾರೆ.

ನಿಯಮ ನಾಗು
ಅದು ಬೇಡ್ವೇ ಬೇಡ. ರೋಲ್ ಆನ್ ಡಿಯೋಡರೆಂಟ್ ಹೆಂಗಿರತ್ತೋ ಹಂಗೆ ಬಾಟ್ಲಿ ಬಾಯಲ್ಲಿ ಒಂದು ಗೋಲಿ, ನಾಲಿಗೆ ತಾಗಿಸಿ ಉರುಳಿಸಿದ್ರೆ ಒಳಗಿನ ರಸ ಬರತ್ತೆ. ಆ ಗೋಲಿ ಕಿತ್ತು ಬಂದ್ರೆ ಸೀದಾ ಗಂಟಲಿಗೆ. 2023ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಲ್ಲಿ ಇಂಥದ್ದೇ ಒಂದು ರೋಲಿಂಗ್ ಕ್ಯಾಂಡಿಯ ಗೋಲಿ ಸಿಕ್ಕಿಹಾಕ್ಕೊಂಡು 7 ವರ್ಷದ ಹುಡುಗಿ ತೀರ್ಕೊಂಡ್ಲು. ಆ ವರ್ಷ ಅಕ್ಟೋಬರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಇಂಥ ಮಾಲು ವಾಪಸ್ ಕರೆಸ್ತು, ಕ್ಯಾಂಡಿ ಡೈನಾಮಿಕ್ಸ್ ಕಂಪನಿಯ ಸ್ಲೈಮ್ ಲಿಕರ್ ಒಂದೇ ಸುಮಾರು 7 ಕೋಟಿ ಬಾಟ್ಲಿ. ವಯಸ್ಸು ಗಮನಿಸಿ, 7 ವರ್ಷ. ಮೂರು ವರ್ಷ ದಾಟಿದ್ರೆ ಪರವಾಗಿಲ್ಲ ಅಂತ ಡಬ್ಬಿ ಮೇಲೆ ಬರೆದಿರೋದನ್ನ ನೋಡಿ ನಾವು ನಿರಾಳ ಆಗ್ತೀವಲ್ಲ, ಗೋಲಿ ಆಕಾರದ್ದು ಬಂದಾಗ ಆ ಲೆಕ್ಕ ನಡೆಯಲ್ಲ. ಚಪ್ಪಟೆ ತುಂಡು ಸಿಕ್ಕಿಹಾಕ್ಕೊಂಡ್ರೂ ಪಕ್ಕದಿಂದ ಸ್ವಲ್ಪ ಗಾಳಿ ನುಸುಳತ್ತೆ, ನುಣ್ಣಗಿನ ಗೋಲಿ ಉಸಿರಿನ ದಾರಿಗೆ ಪೂರ್ತಿ ಬಿರಡೆ ಹಾಕತ್ತೆ.

ಅಳತೆ ಬೇಕು ಅಂದ್ರೆ, ಚಿಕ್ಕ ಮಕ್ಳ ಆಟಿಕೆಯ ಬಿಡಿಭಾಗ ಟೆಸ್ಟ್ ಮಾಡೋಕೆ ಒಂದು ಕೊಳವೆ ಇದೆ, 31.7 ಮಿಲಿಮೀಟರ್ ಅಡ್ಡಗಲ, ಅದರೊಳಗೆ ಪೂರ್ತಿ ಹೋದ್ರೆ ಮೂರು ವರ್ಷದೊಳಗಿನವರಿಗೆ ಇಲ್ಲ. ಚೆಂಡಾದ್ರೆ ಇನ್ನೂ ಕಟ್ಟುನಿಟ್ಟು, ಅಮೆರಿಕದಲ್ಲಿ 44.5 ಮಿಲಿಮೀಟರ್‌ಗಿಂತ ದೊಡ್ಡದಿರ್ಬೇಕು. ಮನೇಲಿ ನೋಡೋಕೆ ಟಾಯ್ಲೆಟ್ ಪೇಪರ್ ರೋಲಿನ ಖಾಲಿ ಕೊಳವೆ ಸಾಕು, ಅದರಲ್ಲಿ ತೂರಿ ಹೋದ್ರೆ ಎರಡೂವರೆ ವರ್ಷದ ಮಗು ಚೀಲದಲ್ಲಿ ಹಾಕ್ಬೇಡಿ.

ಸ್ಪ್ರಿಂಗ್ ಸೀನ
ಬ್ಯಾಟ್ರಿ ವಿಷ್ಯ ಯಾರೂ ಎತ್ತಲಿಲ್ಲ. ಲೈಟ್ ಹತ್ತೋ ಉಂಗುರ, ಮಿಣುಕೋ ಲಾಲಿಪಾಪ್ ಹಿಡಿಕೆ ಇವುಗಳಲ್ಲಿ ಇರೋದು ಬಟನ್ ಸೆಲ್ಲು, ವಾಚಲ್ಲಿ ಇರತ್ತಲ್ಲ ಆ ಥರ ಗುಂಡಿಯಂಥ ಚಿಕ್ಕ ಬ್ಯಾಟ್ರಿ. ನಾನು ಬಿಚ್ಚಿದ ಒಂದರಲ್ಲಿ (ಕಂಪನಿ ಹೆಸರು ಬೇಡ, ಹೆಸರೂ ಸರಿಯಾಗಿ ಇರ್ಲಿಲ್ಲ ಅದರ ಮೇಲೆ) ಬ್ಯಾಟ್ರಿ ಮುಚ್ಚಳಕ್ಕೆ ಸ್ಕ್ರೂನೇ ಇಲ್ಲ, ಉಗುರಲ್ಲಿ ಎತ್ತಿದ್ರೆ ಟಪ್ ಅಂತ ಬಂತು, ಮೂರು ಸೆಲ್ಲು ಮೇಜಿನ ಮೇಲೆ ಉರುಳಾಡ್ತು. ಅದೂ ನೆಕ್ಕೋ ಸಾಮಾನು, ಹೆಂಗಿದ್ರೂ ಬಾಯಿ ಹತ್ರಾನೇ ಇರೋದು. ಬಟನ್ ಸೆಲ್ ನುಂಗಿದ್ರೆ ಅನ್ನನಾಳದ ಒದ್ದೆ ಗೋಡೆಗೆ ತಾಗಿ ಕರೆಂಟ್ ಹರಿದು ಅಲ್ಲೇ ಕ್ಷಾರ ಹುಟ್ಟತ್ತೆ, ಎರಡು ಗಂಟೆಯೊಳಗೆ ಸುಟ್ಟು ಗಾಯ ಆಗಬಹುದು. ಮಗು ನುಂಗಿದೆ ಅನ್ನೋ ಡೌಟ್ ಬಂದ್ರೂ ಸಾಕು, ಕಾಯೋದು ಬೇಡ, ವಾಂತಿ ಮಾಡ್ಸೋದೂ ಬೇಡ, ಸೀದಾ ಎಮರ್ಜೆನ್ಸಿಗೆ. ಅಂಗಡೀಲಿ ನಿಂತು ಹಿಡಿಕೆ ತಿರುಗಿಸಿ ನೋಡಿ, ಸ್ಕ್ರೂ ಕಾಣ್ಸಲಿಲ್ಲ ಅಂದ್ರೆ ವಾಪಸ್ ಇಟ್ಬಿಡಿ.

ಬಸು ಬರದಾನ್ರಿ
ನಾಗು ಅವರ, ಆ ಹುಡುಗಿ ಸುದ್ದಿ ನನಗ ಗೊತ್ತಿರಲಿಲ್ರಿ. ಆತು, ಗೋಲಿ ಬಾಟ್ಲಿ ಬ್ಯಾಡ. ಉಳದದ್ದಕ್ಕ ಮಾತ್ರ ನನ್ನ ಮಾತ ಬದಲಿ ಇಲ್ಲ, ಉಂಗುರದಾಗ ಏನೈತ್ರಿ ಅಂಜೂವಂಥದ್ದು?

ಹಲ್ಲು ಡಾಕ್ಟ್ರು
ಬಂದೆ ಬಂದೆ. ಬಸವಣ್ಣೋರೇ, ಉಂಗುರಕ್ಕೇ ನನ್ನ ತಕರಾರಿರೋದು 😀

ಈ ಉಂಗುರದ ಕ್ಯಾಂಡಿ, ರಿಂಗ್ ಪಾಪ್, ಎಪ್ಪತ್ತರ ದಶಕದಲ್ಲಿ ಅಮೆರಿಕದ ಟಾಪ್ಸ್ ಕಂಪನೀಲಿ ಹುಟ್ಟಿದ್ದು, ಅಲ್ಲಿನ ಒಬ್ಬ ಇಂಜಿನಿಯರು ಮಗಳ ಹೆಬ್ಬೆರಳು ಚೀಪೋ ಚಟ ಬಿಡಿಸೋಕೆ ಮಾಡಿದ್ರು ಅಂತ ಕಥೆ ಇದೆ. ಉಸಿರು ಕಟ್ಟೋ ದೃಷ್ಟಿಯಿಂದ ಒಳ್ಳೇದೇ, ದೊಡ್ಡ ಹರಳು, ಅಗಲ ಬುಡ. ಆದ್ರೆ ಹಲ್ಲಿಗೆ ಸಕ್ಕರೆ ಎಷ್ಟು ಅನ್ನೋದಕ್ಕಿಂತ ಎಷ್ಟು ಹೊತ್ತು, ಎಷ್ಟು ಸಲ ಅನ್ನೋದು ಮುಖ್ಯ. ಸಿಹಿ ಬಾಯಿಗೆ ಬಿದ್ದ ತಕ್ಷಣ ಬ್ಯಾಕ್ಟೀರಿಯಾ ಆಸಿಡ್ ಮಾಡೋಕೆ ಶುರು ಮಾಡ್ತವೆ, ಕೆಲವೇ ನಿಮಿಷದಲ್ಲಿ ಪಿಎಚ್ (ಆಸಿಡ್ ಅಳೆಯೋ ಅಂಕಿ, ಕಮ್ಮಿ ಆದಷ್ಟೂ ಆಸಿಡ್ ಜಾಸ್ತಿ) 5.5ಕ್ಕಿಂತ ಕೆಳಗೆ ಹೋಗತ್ತೆ, ಅಲ್ಲಿಂದ ಎನಾಮಲ್, ಅಂದ್ರೆ ಹಲ್ಲಿನ ಗಟ್ಟಿ ಹೊರಪದರ, ಖನಿಜ ಕಳ್ಕೊಳೋಕೆ ಶುರು. ಆಮೇಲೆ ಜೊಲ್ಲು ಅದನ್ನ ಸರಿ ಮಾಡೋಕೆ ಅರ್ಧ ಗಂಟೆ, ಒಂದು ಗಂಟೆ ಬೇಕು. ಚಾಕ್ಲೇಟ್ ತಿಂದು ಮುಗಿಸಿದ್ರೆ ಇದು ಒಂದು ಸಲ. ಉಂಗುರ ಬೆರಳಲ್ಲಿದೆ, ಮಗು ಆಡತ್ತೆ, ನೆಕ್ಕತ್ತೆ, ಮತ್ತೆ ಆಡತ್ತೆ, ಮತ್ತೆ ನೆಕ್ಕತ್ತೆ, ಮಧ್ಯಾಹ್ನ ಶುರು ಮಾಡಿದ್ದು ಸಂಜೆ ತನಕ. ಹಲ್ಲು ಸುಧಾರಿಸ್ಕೊಳೋಕೆ ಟೈಮೇ ಸಿಗಲ್ಲ.

ಮುಚ್ಚಳ ಹಾಕಿ ಎತ್ತಿಡೋ ಪುಷ್ ಪಾಪ್ ಥರದ್ದೂ ಇದೇ ಕಥೆ. 1986ರಲ್ಲಿ ಅದು ಬಂದಾಗ ಜೇಬಲ್ಲಿಟ್ಕೊಂಡು ಯಾವಾಗ ಬೇಕೋ ಆವಾಗ ತಿನ್ನಬಹುದು ಅನ್ನೋದೇ ಅದರ ಹೆಚ್ಚುಗಾರಿಕೆ. ಪೇರೆಂಟ್ಸ್‌ಗೆ ಅದು ಅನುಕೂಲ ಅನ್ಸತ್ತೆ, "ಅರ್ಧ ತಿಂದು ಅರ್ಧ ಎತ್ತಿಟ್ಟ, ಎಷ್ಟು ಜಾಣ" ಅಂತ. ಹಲ್ಲಿನ ಲೆಕ್ಕದಲ್ಲಿ ಪೂರ್ತಿ ಒಂದೇ ಸಲ ತಿಂದು ಬಾಯಿ ಮುಕ್ಕಳಿಸಿದ ತುಂಟನೇ ಮೇಲು. ಹುಳಿ ಸ್ಪ್ರೇ, ಹುಳಿ ರಸ ಇನ್ನೂ ಕೆಟ್ಟದ್ದು, ಸಿಟ್ರಿಕ್ ಆಸಿಡ್ ಮ್ಯಾಲಿಕ್ ಆಸಿಡ್ ಸೇರಿ ಪಿಎಚ್ 2-3ರ ಹತ್ರ ಇರತ್ತೆ, ಬ್ಯಾಕ್ಟೀರಿಯಾ ಬರೋ ತನಕ ಕಾಯೋ ಅವಶ್ಯಕತೆನೇ ಇಲ್ಲ. ಅದು ತಿಂದ ತಕ್ಷಣ ಬ್ರಷ್ ಮಾಡ್ಸಬೇಡಿ, ಮೆತ್ತಗಾದ ಎನಾಮಲ್ ಉಜ್ಜಿ ಹೋಗತ್ತೆ, ನೀರಲ್ಲಿ ಮುಕ್ಕಳಿಸಿ, ಬ್ರಷ್ ಆಮೇಲೆ.

ಒಟ್ನಲ್ಲಿ ಆಟಕ್ಕೂ ತಿನ್ನೋದಕ್ಕೂ ಟೈಮ್ ಬೇರೆ ಬೇರೆ ಆಗೋ ಥರದ್ದು ಕೊಡಿ. ಪೆಜ್ ಡಬ್ಬಿ ನನಗೆ ಓಕೆ, ಮಾತ್ರೆ ಮುಗಿದ್ರೂ ಆಟಿಕೆ ಉಳಿಯತ್ತೆ.

ಡಬ್ಬಿ ದಾಸ
ಪೆಜ್ ಹೆಸರು ಎತ್ತಿದ್ರಿ, ಇನ್ನು ನನ್ನ ಬಾಯಿ ಮುಚ್ಚಿಸೋಕಾಗಲ್ಲ 🙂 ನನ್ನ ಹತ್ರ ಒಂದು ಕಪಾಟು ತುಂಬಾ ಇದೆ. 1927ರಲ್ಲಿ ವಿಯೆನ್ನಾದಲ್ಲಿ ಎಡ್ವರ್ಡ್ ಹಾಸ್ ಶುರು ಮಾಡಿದ ಪೆಪ್ಪರ್‌ಮಿಂಟ್ ಮಾತ್ರೆ ಅದು, ಮಕ್ಳಿಗೆ ಅಂತ ಅಲ್ಲವೇ ಅಲ್ಲ, ಸಿಗರೇಟ್ ಸೇದೋ ದೊಡ್ಡೋರಿಗೆ. ನಲವತ್ತರ ದಶಕದ ಕೊನೇಲಿ ಬಂದ ಮೊದಲ ಡಬ್ಬಿ ಕೂಡ ಲೈಟರ್ ಥರಾನೇ ಕಾಣ್ತಿತ್ತು, ತಲೆ ಗಿಲೆ ಏನಿಲ್ಲ. 1952ರಲ್ಲಿ ಅಮೆರಿಕಕ್ಕೆ ಹೋದ್ಮೇಲೆ ಹಣ್ಣಿನ ರುಚಿ ಬಂತು, ಐವತ್ತರ ದಶಕದಲ್ಲೇ ಡಬ್ಬಿಗೆ ಗೊಂಬೆ ತಲೆ ಬಂತು. ತಮಾಷೆ ನೋಡಿ, ಸಿಗರೇಟ್ ಬಿಡ್ಸೋಕೆ ಹುಟ್ಟಿದ್ದು ಆಟಿಕೆ ಆಯ್ತು, ಇನ್ನೊಂದು ಕಡೆ ಸಿಗರೇಟ್ ಥರ ಕಾಣೋ ಮಿಠಾಯಿ ಮಕ್ಳ ಕೈಗೆ ಬಂತು. ಆ ಸಿಗರೇಟ್ ಮಿಠಾಯಿ ಮಾತ್ರ ಚೀಲದಲ್ಲಿ ಹಾಕ್ಬೇಡಿ ಮಾರಾಯ್ರೆ, ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ 16ನೇ ವಿಧಿಯಲ್ಲೇ ಅಂಥ ಮಿಠಾಯಿ, ಆಟಿಕೆ ಮಾಡೋದು ಮಾರೋದು ನಿಲ್ಸಿ ಅಂತ ಇದೆ.

ಆಟಿಕೆ ಕ್ಯಾಂಡಿ ಜೊತೆ ಬರೋದು ಹೊಸದೇನಲ್ಲ. ಅಮೆರಿಕದ ಕ್ರ್ಯಾಕರ್ ಜ್ಯಾಕ್ ಅನ್ನೋ ಸಿಹಿ ಪಾಪ್‌ಕಾರ್ನ್ ಪೊಟ್ಟಣದಲ್ಲಿ 1912ರಿಂದ ಬಹುಮಾನ ಬರ್ತಿತ್ತು, 2016ರಲ್ಲಿ ಅದರ ಬದಲು ಫೋನಲ್ಲಿ ಸ್ಕ್ಯಾನ್ ಮಾಡೋ ಕೋಡ್ ಹಾಕಿದ್ರು, ಎಂಥಾ ಬಡತನ. ಜಪಾನಲ್ಲಂತೂ ಉಲ್ಟಾ, ಅಲ್ಲಿ ಶೋಕುಗಾನ್ ಅಂತ ಒಂದು ಬಗೆಯಿದೆ, ಡಬ್ಬಿ ತುಂಬಾ ಸೊಗಸಾದ ಬಿಡಿಭಾಗದ ರೋಬೋ, ಜೊತೆಗೆ ಮೂಲೇಲಿ ಒಂದೇ ಒಂದು ಚ್ಯೂಯಿಂಗ್ ಗಮ್ಮು. ಆ ಗಮ್ಮು ಇರೋದು ಅದನ್ನ ಮಿಠಾಯಿ ಸಾಲಲ್ಲಿ ಇಟ್ಟು ಮಾರೋಕೆ ಅಷ್ಟೇ. ನಾನು ಎಷ್ಟೋ ಗಮ್ಮು ತಿಂದೇ ಇಲ್ಲ.

ಪುಂಗಿ ಪುಟ್ಟಿ
@ಡಬ್ಬಿ ದಾಸ ಗಮ್ಮು ತಿನ್ನದೋರು ಕ್ಯಾಂಡಿ ಬಗ್ಗೆ ಮಾತಾಡೋ ಹಾಗಿಲ್ಲ 😂

ಜಪಾನ್ ಅಂದ್ರೆ ಇನ್ನೊಂದು ಸೂಪರ್ ಐಟಂ ಇದೆ, ನೆರು ನೆರು ನೆರುನೆ, 1986ರಿಂದ ಇದೆ. ಪುಡಿಗೆ ನೀರು ಹಾಕಿ ಕಲಸಿದ್ರೆ ನೀಲಿ, ಎರಡನೇ ಪುಡಿ ಹಾಕಿದ್ರೆ ಬಣ್ಣ ನೇರಳೆಗೆ ತಿರುಗಿ ಉಬ್ಬಿ ಉಬ್ಬಿ ನೊರೆ ಆಗತ್ತೆ. ಒಂದರಲ್ಲಿ ಅಡುಗೆ ಸೋಡಾ, ಇನ್ನೊಂದರಲ್ಲಿ ಸಿಟ್ರಿಕ್ ಆಸಿಡ್, ಎರಡೂ ಸೇರಿದಾಗ ಗ್ಯಾಸ್ ಬರತ್ತೆ, ಬಣ್ಣದ ಪದಾರ್ಥ ಆಸಿಡ್ ಕಂಡ ತಕ್ಷಣ ಬಣ್ಣ ಬದಲಾಯಿಸತ್ತೆ. ಇಲ್ಲಿ ನುಂಗೋ ಆಟಿಕೆನೇ ಇಲ್ಲ, ಬಟ್ಲು ಚಮಚ ಅಷ್ಟೇ. ಕಲಸೋದೇ ಆಟ, ತಿಂದ್ರೆ ಆಟ ಮುಗೀತು. ದೊಡ್ಡ ಮಕ್ಳ ಚೀಲಕ್ಕೆ ಇದನ್ನೇ ಹಾಕಿ ಅಂತೀನಿ.

ಪಾಕದ ಪದ್ದಣ್ಣ
ಅದು ಒಳ್ಳೇ ಐಡಿಯಾ ಕಣಮ್ಮ. ಪ್ಲಾಸ್ಟಿಕ್ ಕಸದ ಲೆಕ್ಕದಲ್ಲೂ ವಾಸಿ. ತಿರುಗೋ ಹಿಡಿಕೆ ಕ್ಯಾಂಡಿ ಮುಗಿದ ದಿನಾನೇ ಕಸ, ಒಳಗೆ ಮೋಟ್ರು ಬ್ಯಾಟ್ರಿ ಎಲ್ಲಾ ಇದ್ದೂ. ಅದಕ್ಕೆ ಮತ್ತೆ ಮಾಮೂಲಿ ಲಾಲಿಪಾಪ್ ಸಿಕ್ಕಿಸೋ ಹಾಗಿದ್ರೆ ಮಾತ್ರ ತಗೊಳ್ಳಿ. ಫ್ಯಾಕ್ಟ್ರೀಲಿ ನಾವು ನೋಡ್ತಿದ್ವಿ, ಮಾಲಿನ ತೂಕದಲ್ಲಿ ತಿನ್ನೋ ಭಾಗ ಎಷ್ಟು ಕಮ್ಮಿ ಮಾಡಬಹುದು ಅನ್ನೋದರ ಮೇಲೇ ಮೀಟಿಂಗ್ ನಡೀತಿತ್ತು.

@ಚಿಣ್ಣರ ಚಿಕ್ಕಪ್ಪ ಒಂದು ವಿಷ್ಯ ಮರೀಬೇಡಿ, ಏನೇ ತಗೊಂಡ್ರೂ ಚೀಲ ಪಾರ್ಟಿ ಹಿಂದಿನ ದಿನ ತುಂಬ್ಸಿ, ತುಂಬಾ ಮುಂಚೆ ಬೇಡ. ತುಂಬೋವಾಗ ಪ್ಯಾಕಿಂಗ್ ಒಂದೊಂದೂ ಮುಟ್ಟಿ ನೋಡಿ, ಅಂಚಲ್ಲಿ ಸೀಲು ಬಿಟ್ಟಿದ್ರೆ ಒಳಗಿನ ಕ್ಯಾಂಡಿ ಮೈ ಬೆವರಿ ಕಾಗದಕ್ಕೆ ಕಚ್ಕೊಂಡಿರತ್ತೆ, ಮಕ್ಳು ಕಾಗದ ಸಮೇತ ನೆಕ್ತಾರೆ.

ಚಿಣ್ಣರ ಚಿಕ್ಕಪ್ಪ
ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಹಂಗಾದ್ರೆ ಹಿಂಗೆ ಮಾಡ್ತೀನಿ: ಮೂರು ವರ್ಷದೊಳಗಿನ ಇಬ್ಬರಿಗೆ ಕ್ಯಾಂಡಿನೇ ಇಲ್ಲ, ಒಂದು ದೊಡ್ಡ ಮೆತ್ತನೆ ಚೆಂಡು, ಅವಕ್ಕೆ ವ್ಯತ್ಯಾಸ ಗೊತ್ತಾಗಲ್ಲ. ನಡುವಿನೋರಿಗೆ ಪೀಪಿ ಲಾಲಿಪಾಪು. ದೊಡ್ಡೋರಿಗೆ ಪೆಜ್ ಡಬ್ಬಿ, ಕಲಸೋ ನೊರೆ ಕ್ಯಾಂಡಿ ಸಿಕ್ರೆ ಅದು. ತಿರುಗೋದು, ಉರುಳೋದು, ಮಿಣುಕೋದು ಮೂರೂ ಲಿಸ್ಟಿಂದ ಔಟು. ಉಂಗುರ ಮಾತ್ರ ಅತ್ತಿಗೆ ಈಗಾಗ್ಲೇ ಒಂದು ಡಬ್ಬಿ ತಂದಿಟ್ಟಿದಾರೆ, ಅದನ್ನೇನ್ ಮಾಡೋದು ಡಾಕ್ಟ್ರೇ?

ಹಲ್ಲು ಡಾಕ್ಟ್ರು
ಅತ್ತಿಗೆಗೆ ಕೊಡಿ, ತಿಂದ್ಕೊಳ್ಳಲಿ. ಇಲ್ಲಾಂದ್ರೆ ಊಟದ ಜೊತೇಲೇ ಎಲ್ರಿಗೂ ಹಂಚಿ ಅಲ್ಲೇ ಮುಗಿಸ್ಬಿಡಿ, ಜೊಲ್ಲು ಚೆನ್ನಾಗಿ ಬರೋ ಹೊತ್ತು, ಆಮೇಲೆ ಒಂದೊಂದು ಲೋಟ ನೀರು ಕುಡಿಸಿ. ಮನೆಗೆ ಹೊತ್ಕೊಂಡು ಹೋಗೋಕೆ ಮಾತ್ರ ಕೊಡ್ಬೇಡಿ.

ಇಬ್ಬರಮ್ಮ
ಎರಡೂವರೆ ವರ್ಷದೋರಿಗೆ ವ್ಯತ್ಯಾಸ ಗೊತ್ತಾಗಲ್ಲ ಅಂದ್ರಲ್ಲ, ಗೊತ್ತಾಗತ್ತೆ ಅಣ್ಣಾ, ಚೆನ್ನಾಗಿ ಗೊತ್ತಾಗತ್ತೆ. ಚಿಕ್ಕೋರ ಚೀಲ ಬೇರೆ ಬಣ್ಣದ್ದು ಮಾಡಿ, ಅವರ ಅಮ್ಮನ ಕೈಗೇ ಕೊಡಿ.

ಬಸು ಬರದಾನ್ರಿ
ಪೀಪಿ ಕೊಡೋದು ಖರೇ ಆದ್ರ ಒಂದು ಮಾತ್ರಿ, ಪಾರ್ಟಿ ಪೂರ್ತಿ ಮುಗದು ಎಲ್ಲಾರೂ ಚಪ್ಪಲಿ ಹಾಕ್ಕೊಳ್ಳೂ ಮುಂದ ಚೀಲ ಕೊಡ್ರಿ. ಊದೂದು ಅವರವರ ಮನ್ಯಾಗ ಊದ್ಲಿ.